ಯಾವ ಸೆಂಟು ತಗೊಳ್ಳಲಿ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಈಚೆಗೆ ನಾನು ಸಣ್ಣ ಸಣ್ಣ ಸ್ಯಾಂಪಲ್ ಸೀಸೆಗಳನ್ನು ತರಿಸಿ, ಒಂದೊಂದಾಗಿ ಹಚ್ಚಿ ನೋಡುತ್ತಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೋ.

ಮೊದಲ ಮಾತು, ಅಂಗಡಿಯವರು ಸೆಂಟು ಹೊಡೆದು ಕೊಡುವ ಕಾಗದದ ಪಟ್ಟಿ ಮೂಸಿ ದುಡ್ಡು ಕೊಡಬೇಡ. ಆ ಕ್ಷಣ ಮೂಗಿಗೆ ಬಡಿಯುವುದು ನಿಂಬೆ, ಕಿತ್ತಳೆ ಜಾತಿಯ ಘಮ. ಅದು ಬೇಗ ಹಾರಿಹೋಗುತ್ತದೆ. ಆಮೇಲೆ ಹೂವು ಬರುತ್ತದೆ. ಕೊನೆಗೆ ಉಳಿಯುವುದು ಮರ, ರಾಳ, ವೆನಿಲ್ಲಾದಂಥ ಭಾರದ ವಾಸನೆ. ದಿನವಿಡೀ ನಿನ್ನ ಜೊತೆ ಇರುವುದು ಇದೇ. ಅದೂ ಒಬ್ಬೊಬ್ಬರ ಮೈ ಮೇಲೆ ಒಂದೊಂದು ಥರ.

ಇದು ನನಗೆ ಸರಿಯಾಗಿ ಗೊತ್ತಾಗಿದ್ದು ಗೆರ್ಲಾನ್ ಕಂಪನಿಯ ಶಾಲಿಮಾರ್ ಹಚ್ಚಿದಾಗ. 1925ರ ಸೆಂಟು. ಶುರುವಿನಲ್ಲಿ ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಹುಳಿ ಘಾಟು, ಅದರ ಹಿಂದೆಯೇ ಹೊಗೆ, ಚರ್ಮದ ವಾಸನೆ. ತೊಳೆದುಬಿಡೋಣ ಅನ್ನಿಸಿತ್ತು. ಒಂದು ಗಂಟೆ ಕಳೆಯಲಿ ಅಂತ ಸುಮ್ನೆ ಬಿಟ್ಟೆ. ಸಂಜೆ ಹೊತ್ತಿಗೆ ವೆನಿಲ್ಲಾ ಮೇಲೆದ್ದು, ಹೊಗೆ ಅದರೊಳಗೆ ಕರಗಿ, ನಾನು ಮತ್ತೆ ಮತ್ತೆ ಮಣಿಕಟ್ಟು ಮೂಸುತ್ತಾ ಕೂತಿದ್ದೆ. ನೋಡಿದವರು ಏನಂದುಕೊಂಡರೋ!

ಶನೆಲ್ ನಂಬರ್ 5 ಬಗ್ಗೆ ಜಾಸ್ತಿ ಹೇಳುವುದಿಲ್ಲ. 1921ರಲ್ಲಿ ಅರ್ನೆಸ್ಟ್ ಬೋ ಮಾಡಿದ್ದು. ಅದರಲ್ಲಿರುವ ಆಲ್ಡಿಹೈಡ್ ಅನ್ನುವ ರಾಸಾಯನಿಕಗಳಿಂದಾಗಿ ನನಗೆ ಒಗೆದು ಒಣಗಿಸಿದ ಬಟ್ಟೆ, ಒಳ್ಳೆಯ ಸೋಪು ನೆನಪಾಯಿತು. ಗೌರವ ಹುಟ್ಟಿತು, ಅಷ್ಟೇ.

ಏಂಜೆಲ್ ಅನ್ನುವ ಸೆಂಟು ಮಾತ್ರ ಕರೆಯದೇ ಬಂದ ನೆಂಟ. ಮಗ್ಲರ್ ಕಂಪನಿ 1992ರಲ್ಲಿ ತಂದದ್ದು. ಈಥೈಲ್ ಮಾಲ್ಟಾಲ್ ಅನ್ನುವ ರಾಸಾಯನಿಕ ಅದಕ್ಕೆ ಕಾಯಿಸಿದ ಸಕ್ಕರೆಯ ವಾಸನೆ ಕೊಡುತ್ತದೆ. ಜೊತೆಗೆ ಪಚೋಲಿ ಅನ್ನುವ ಗಿಡದ ಎಲೆಯ ಮಣ್ಣು ಮಣ್ಣು ಘಮ. ಸ್ನಾನ ಮಾಡಿದರೂ ಹೋಗಲಿಲ್ಲ, ಮಾರಾಯ.

ಅದಕ್ಕೆ ಪೂರ್ತಿ ಉಲ್ಟಾ ಮಾಲಿಕ್ಯೂಲ್ 01 ಅನ್ನುವ ಸೆಂಟು. ಅದರಲ್ಲಿರುವ ಪರಿಮಳದ ವಸ್ತು ಒಂದೇ, ಐಸೋ ಇ ಸೂಪರ್. ಒಮ್ಮೆ ಒಣ ಮರದ ಘಮ, ಮರುಕ್ಷಣ ಏನೂ ಇಲ್ಲ. ಕೆಲವರ ಮೂಗಿಗೆ ಅದು ತಿಳಿಯುವುದೇ ಇಲ್ಲವಂತೆ. ನನ್ನ ಪಕ್ಕ ಕೂತವರು ಮಾತ್ರ ‘ಏನೋ ಚೆನ್ನಾಗಿದೆಯಲ್ಲ’ ಅಂದರು. ನನಗೇ ಸಿಗದ ಘಮಕ್ಕೆ ನಾನು ದುಡ್ಡು ಕೊಡಬೇಕಾ?

ನಿನಗೆ ನಾನು ಹೇಳುವುದು ಡಿಯೋರ್ ಕಂಪನಿಯ ಓ ಸೊವಾಜ್. 1966ರಲ್ಲಿ ಎಡ್ಮಂಡ್ ರುಡ್ನಿಟ್ಸ್ಕಾ ಮಾಡಿದ್ದು. ನಿಂಬೆ ಇದೆ, ಗಿಡಮೂಲಿಕೆ ಇದೆ, ಹೆಡಿಯೋನ್ ಅನ್ನುವ ವಸ್ತುವಿನಿಂದ ಬಂದ ತೆಳು ಮಲ್ಲಿಗೆ ಛಾಯೆಯೂ ಇದೆ. ಗಂಡಸರ ಸೆಂಟು ಅಂದರೆ ಗಾಢವಾಗಿ ಗುಂಯ್ಗುಡಬೇಕು ಅನ್ನುವವರಿಗೆ ಇದು ಸಪ್ಪೆ ಅನ್ನಿಸಬಹುದು. ನಿನಗೆ ತಲೆನೋವು ಬೇಗ ಬರುತ್ತದಲ್ಲ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಬಹಳ ಹೊತ್ತು ನಿಲ್ಲುವುದಿಲ್ಲ, ಅದೊಂದೇ ಕೊರತೆ.

ಒಂದು ಕೈಗೆ ಒಂದೇ ಹಚ್ಚು. ಮೂಗು ದಣಿದರೆ ಅಂಗಡಿಯಲ್ಲಿ ಮೂಸಲು ಇಡುವ ಕಾಫಿ ಬೀಜ ಹುಡುಕಬೇಡ, ಹೊರಗೆ ಹೋಗಿ ಸ್ವಲ್ಪ ಗಾಳಿ ತಗೋ. ಸ್ವಲ್ಪ ಹೊತ್ತಿಗೆ ವಾಸನೆ ಬರುತ್ತಿಲ್ಲ ಅಂತ ಇನ್ನಷ್ಟು ಹೊಡೆದುಕೊಳ್ಳಬೇಡ. ನಿನ್ನ ಮೂಗು ಅದಕ್ಕೆ ಒಗ್ಗಿರುತ್ತದೆ, ಎದುರಿನವರ ಮೂಗಲ್ಲ.

ಓ ಸೊವಾಜ್ ಸೀಸೆಯಲ್ಲಿ ಇನ್ನೂ ಅರ್ಧ ಉಳಿದಿದೆ, ಕಳಿಸುತ್ತೇನೆ. ಏಂಜೆಲ್ ಬೇಕಿದ್ದರೆ ಅದನ್ನೂ ಕಳಿಸುತ್ತೇನೆ, ವಾಪಸ್ ಮಾತ್ರ ಕೊಡಬೇಡ.

ನಿನ್ನ ಗೆಳೆಯ