ಕಾಸ್ಮಿಕ್ ಕಿರಣದ ಮೆಸೇಜ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ‘ಇವತ್ತು ರಾತ್ರಿ ಕಾಸ್ಮಿಕ್ ಕಿರಣ ಭೂಮಿ ಹತ್ತಿರ ಹಾದುಹೋಗುತ್ತೆ, ಫೋನ್ ಆಫ್ ಮಾಡಿ’ ಅನ್ನೋ ಹಳೇ ಮೆಸೇಜನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಈ ಕಿರಣಗಳು ಅಂದರೆ ಬಾಹ್ಯಾಕಾಶದಿಂದ ಅತಿ ವೇಗವಾಗಿ ಬರುವ ಕಣಗಳು; ಹಗಲೂ ರಾತ್ರಿ ಬೀಳುತ್ತಲೇ ಇರುತ್ತವೆ. ಅಂಗೈ ಚಾಚಿದರೆ ಸೆಕೆಂಡಿಗೆ ಸುಮಾರು ಒಂದು ಮ್ಯೂಆನ್ (ಈ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಪುಟ್ಟ ಕಣ) ಅದನ್ನು ತೂರಿ ಹೋಗುತ್ತದೆ. ಫೋನ್ ಆಫ್ ಮಾಡಿದರೇನು, ಬಿಟ್ಟರೇನು!

ಈ ಕಿರಣಗಳ ಪ್ರಮಾಣ ಏರಿಳಿಯುವುದು ನಿಜ. ಆದರೆ ಲೆಕ್ಕ ಉಲ್ಟಾ: ಸೂರ್ಯ ಚುರುಕಾದಷ್ಟೂ ಇವು ಕಡಿಮೆ. ಸೌರಮಾರುತ (ಸೂರ್ಯನಿಂದ ಸದಾ ಹೊರಹೊಮ್ಮುವ ಕಣಗಳ ಹರಿವು) ಹೊತ್ತು ತರುವ ಕಾಂತಕ್ಷೇತ್ರ ಆಗ ಜಾಸ್ತಿ ಬಲವಾಗಿ, ಸಿಕ್ಕುಸಿಕ್ಕಾಗಿ ಇರುತ್ತದೆ. ಸೌರಮಂಡಲದ ಹೊರಗಿನಿಂದ ಬರುವ ಕಡಿಮೆ ಶಕ್ತಿಯ ಕಣಗಳನ್ನು ಅದು ತಡೆಯುತ್ತದೆ. ಸೂರ್ಯನ ಈ ಚುರುಕಿನ ಏರಿಳಿತಕ್ಕೆ ಸುಮಾರು 11 ವರ್ಷಕ್ಕೊಂದು ಸುತ್ತು. 2009ರಲ್ಲಿ ಸೂರ್ಯ ಸುಮ್ಮನಿದ್ದಾಗ ಕಿರಣಗಳು ದಾಖಲೆ ಮಟ್ಟಕ್ಕೆ ಏರಿದ್ದವು. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಗಂಟೆಗಳಲ್ಲೇ ಕುಸಿದವು. ಇಂಥ ದಿಢೀರ್ ಕುಸಿತಕ್ಕೆ ಫೋರ್ಬುಷ್ ಇಳಿಕೆ ಅಂತಾರೆ.