ರಾಶಿಯ ಅಡಿಗೆ ಹಾಕಿದ ಕಾರ್ಡು

ಪ್ರೀತಿಯ ಪುಟ್ಟಿಗೆ, ಮಾವನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ಅಕ್ಕ ಫೋನಿನಲ್ಲೇ ಹೇಳಿರುತ್ತಾಳೆ, ಅದು ಬೇಡ. ನಿನ್ನ ಕಾಗದದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಇತ್ತಲ್ಲ, 'ಆಕಾಶವಾಣಿ ಸ್ಟುಡಿಯೋದ ಕೆಂಪು ದೀಪ ಹತ್ತಿದರೆ ಗಂಟಲು ಕಟ್ಟುತ್ತೆ ಮಾವ, ಬಾಯಿ ತಪ್ಪಿ ಏನಾದರೂ ಬಂದುಬಿಟ್ಟರೆ?' ಅಂತ. ಅದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಇಲ್ಲ.

ಆ ಹೆದರಿಕೆ ನನಗೂ ಇತ್ತು. ನಿನಗಿಂತ ಜಾಸ್ತಿಯೇ ಇತ್ತು. ನಾನೂ ನಿನ್ನ ಹಾಗೆ ಕ್ಯಾಶುಯಲ್, ಅಂದರೆ ಕಾಯಂ ಅಲ್ಲದ ಉದ್ಘೋಷಕ, ತಿಂಗಳಿಗೆ ಆರೇ ಡ್ಯೂಟಿ. ಒಂದು ಮಾತು ಹೆಚ್ಚುಕಮ್ಮಿಯಾದರೆ ಮುಂದಿನ ಪಟ್ಟಿಯಲ್ಲಿ ಹೆಸರು ಹೋಯಿತು ಅನ್ನುವ ಭಯ. ರೇಡಿಯೋದಲ್ಲಿ ಏನು ಹೇಳಬಾರದು ಅನ್ನುವ ಪ್ರಸಾರ ಸಂಹಿತೆಯನ್ನು ಬಾಯಿಪಾಠ ಮಾಡಿದ್ದೆ. ಮಿತ್ರ ದೇಶಗಳನ್ನು ಟೀಕಿಸಬಾರದು, ಧರ್ಮ, ಸಮುದಾಯಗಳನ್ನು ಹಳಿಯಬಾರದು, ಹಿಂಸೆಗೆ ಕುಮ್ಮಕ್ಕು ಕೊಡಬಾರದು, ಪಕ್ಷದ ಹೆಸರು ಹಿಡಿದು ಬೈಯಬಾರದು, ಯಾರ ಮಾನವನ್ನೂ ಕಳೆಯಬಾರದು. ಇದರಲ್ಲಿ ತಪ್ಪೇನಿಲ್ಲ. ತಪ್ಪು ನನ್ನದು.

ರೈತರ ಪತ್ರಗಳಿಗೆ ಉತ್ತರ ಹೇಳುವ ಕಾರ್ಯಕ್ರಮ. ಮುಂಗಾರಿಗೆ ಮೊದಲು ಒಂದು ಪೋಸ್ಟ್‌ಕಾರ್ಡ್ ಬಂತು. ಇಂಥ ಅಂಗಡಿಯ ಮೈಲುತುತ್ತು (ಕಾಪರ್ ಸಲ್ಫೇಟ್) ಕಲಬೆರಕೆ ಇದ್ದ ಹಾಗಿದೆ, ಹೋದ ವರ್ಷ ಅದಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದರೂ ಅಡಿಕೆಗೆ ಕೊಳೆರೋಗ ಬಂತು, ಉಳಿದವರಿಗೂ ತಿಳಿಸಿ ಅಂತ. ಅಂಗಡಿಯ ಹೆಸರು ಕಂಡದ್ದೇ ನನಗೆ ಬೆವರು. ಕಾರ್ಡನ್ನು ರಾಶಿಯ ಅಡಿಗೆ ಹಾಕಿದೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ ಪುಟ್ಟಿ. ನಾನು ಯಾರನ್ನೂ ಕೇಳಲೂ ಇಲ್ಲ. ಆ ಮಳೆಗಾಲ ಅದೇ ಊರಿನಿಂದ ಮತ್ತೆ ನಾಲ್ಕು ಕಾರ್ಡು ಬಂದವು, ಕಾಯೆಲ್ಲ ಉದುರಿತು ಅಂತ. ಅಂಗಡಿಯ ಮಾಲಿನಿಂದಲೋ, ಬಿಡದೆ ಸುರಿದ ಮಳೆಯಿಂದಲೋ. ಮೊದಲು ಬರೆದವರು ಮಾತ್ರ ಮತ್ತೆ ಬರೆಯಲಿಲ್ಲ.

ಅಂಗಡಿಯ ಹೆಸರು ಬಿಟ್ಟು ವಿಷಯ ಹೇಳಬಹುದಿತ್ತು, ಅಲ್ವಾ? ಬೋರ್ಡೋಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಕತ್ತಿ ಅದ್ದಿ ನೋಡಿ, ಕೆಂಪು ಅಂಟಿದರೆ ಸುಣ್ಣ ಸಾಲದು. ಮಾಲಿನ ಮೇಲೆ ಅನುಮಾನ ಇದ್ದರೆ ತೋಟಗಾರಿಕೆಯವರಿಗೆ ತೋರಿಸಿ. ಎರಡು ನಿಮಿಷದ ಮಾತು.

ತುಂಬ ತಡವಾಗಿ, ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಯ ಕಾಯ್ದೆ ಓದಿದೆ. 1990ರದ್ದು, ಜಾರಿಗೆ ಬಂದದ್ದು 1997ರಲ್ಲಿ. ಅದರ 12ನೇ ಸೆಕ್ಷನ್ ನೋಡು. ಜನರ ತಿಳಿಯುವ ಹಕ್ಕನ್ನು ಕಾಯಬೇಕು, ಕೃಷಿಗೆ, ಹಳ್ಳಿಗೆ ಗಮನ ಕೊಡಬೇಕು, ಆಯಾ ಪ್ರದೇಶದ ಭಾಷೆಗಳಿಗೆ ಜಾಗ ಕೊಡಬೇಕು ಅಂತ ಇದೆ. ನಾನು ಬಾರದುಗಳನ್ನಷ್ಟೇ ಕಲಿತಿದ್ದೆ. ಮಂಗಳೂರಿನಿಂದ ತುಳು, ಕೊಂಕಣಿ, ಬ್ಯಾರಿ, ನಿಮ್ಮ ಮಡಿಕೇರಿಯಿಂದ ಕೊಡವ, ಅರೆಭಾಷೆ ಕಾರ್ಯಕ್ರಮಗಳು ಬರುತ್ತವೆ. ಜಾಹೀರಾತಿನ ಲೆಕ್ಕ ನೋಡುವ ಖಾಸಗಿ ಎಫ್‌ಎಂಗೆ ಇದು ಗಿಟ್ಟುವುದಿಲ್ಲ. ಅವರು ಸ್ವಂತ ಸುದ್ದಿ ಓದುವ ಹಾಗೂ ಇಲ್ಲ. ಭಾಗಮಂಡಲದ ಕಡೆಯ ಒಬ್ಬ ಅಜ್ಜಿಗೆ ಮನೆಮಾತಿನಲ್ಲಿ ರೇಡಿಯೋ ಕೇಳಬೇಕಾದರೆ ನೀನೇ ಗತಿ. ಇದನ್ನು ಹೇಳಿ ನಿನ್ನ ಹೆದರಿಕೆ ಇನ್ನೂ ಹೆಚ್ಚಿಸಿದೆನೋ ಏನೋ.

ನನ್ನದು ಕಾರ್ಡಿನ ಕಾಲ, ನಿಮ್ಮದು ಲೈವ್ ಫೋನ್-ಇನ್. ಬುದ್ಧಿ ಹೇಳಲಿಕ್ಕೆ ನಾನ್ಯಾರು. ಆದರೂ, ಯಾರಾದರೂ ಫೋನಿನಲ್ಲಿ ಬೈಯಲು ಶುರುಮಾಡಿದರೆ 'ಹೆಸರು ಬೇಡ, ಆಗಿದ್ದೇನು ಹೇಳಿ' ಅಂದು ನೋಡು. ಅನುಮಾನ ಬಂದರೆ ಡ್ಯೂಟಿ ಆಫೀಸರನ್ನು ಕೇಳು, ನನ್ನ ಹಾಗೆ ಒಬ್ಬಳೇ ತೀರ್ಮಾನ ಮಾಡಬೇಡ. ಬಾಯಿ ತಪ್ಪಿದರೆ ಅಲ್ಲೇ ತಿದ್ದಿ ಹೇಳು. ಕೇಳುವವರು ಅಷ್ಟಕ್ಕೆ ಮುನಿಯುವುದಿಲ್ಲ.

ಈ ವಾರ ನಿನ್ನ ಡ್ಯೂಟಿ ಯಾವತ್ತು, ಎಷ್ಟು ಗಂಟೆಗೆ? ಇಲ್ಲಿ ಮಡಿಕೇರಿ ಸಿಗುವುದಿಲ್ಲ. ಮೊಮ್ಮಗಳು ಫೋನಿನ ಆ್ಯಪ್‌ನಲ್ಲಿ ಹಾಕಿಕೊಡುತ್ತೇನೆ ಅಂದಿದ್ದಾಳೆ.

ನಿನ್ನ ಮಾವ