ಎಡಗಿವಿಯ ಪರವಾಗಿ ಥ್ಯಾಂಕ್ಸ್

ಆರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಎದ್ದರೆ ಎಡಗಿವಿ ಕೇಳಿಸುತ್ತಿಲ್ಲ. ನೋವಿಲ್ಲ, ಸೋರುವುದಿಲ್ಲ, ಬರೀ ಗುಂಯ್ ಅನ್ನುವ ಸದ್ದು. ಗುಗ್ಗೆ ಕಟ್ಟಿರಬೇಕು ಅಂದುಕೊಂಡು ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. "ಎಣ್ಣೆ ಬಿಟ್ಟಿದ್ದು ಸಾಕು, ಚಪ್ಪಲಿ ಮೆಟ್ಟು" ಅಂದಳು ಅಕ್ಕ. ಅವತ್ತೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗದಿದ್ದರೆ ಈಗಿರುವಷ್ಟೂ ಉಳಿಯುತ್ತಿರಲಿಲ್ಲವೇನೋ. ಇದು ನರದ್ದು, ಕಾಯುವ ಹಾಗಿಲ್ಲ ಅಂತ ಸ್ಟೆರಾಯ್ಡ್ ಮಾತ್ರೆ ಶುರು ಮಾಡಿದರು, ಆಮೇಲೆ ಕಿವಿತಮಟೆಯ ಮೂಲಕ ಇಂಜೆಕ್ಷನ್. ಅಕ್ಕಾ, ಮೊದಲ ನಮಸ್ಕಾರ ನಿನಗೆ.

ಗಾಜಿನ ಕೋಣೆಯಲ್ಲಿ ಕೂರಿಸಿ, ನಾನು ಕೇಳದ ಬೀಪಿಗೂ ಬಟನ್ ಒತ್ತಿದಾಗ ಬೈಯದೆ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದ ಆಡಿಯಾಲಜಿಸ್ಟ್ ಹುಡುಗಿಗೂ ಋಣಿ.

ಇನ್ನು ಭಾವ. ಸಂಜೆ ಕಾಫಿ ಆದಮೇಲೆ ಅವರು ಮಾತಾಡದೆ ಎಲ್‌ಪಿ ಹಾಕುತ್ತಿದ್ದರು: ಫ್ಲೀಟ್‌ವುಡ್ ಮ್ಯಾಕ್ ಅನ್ನುವ ರಾಕ್ ಬ್ಯಾಂಡಿನ 'ರೂಮರ್ಸ್' ಆಲ್ಬಮ್, 1977ರದ್ದು. ಬಲಗಿವಿಗೆ ಬೆರಳಿಟ್ಟು ಕೂರುತ್ತಿದ್ದೆ. ಎರಡನೇ ಬದಿಯ ಮೊದಲ ಹಾಡು 'ದಿ ಚೈನ್'ನಲ್ಲಿ ಜಾನ್ ಮೆಕ್‌ವೀಯ ಬೇಸ್ ಗಿಟಾರ್ ಎದ್ದು ಬರುತ್ತದಲ್ಲ, ಮೂರನೇ ವಾರ ಎಡಗಿವಿಗೆ ಮೊದಲು ಸಿಕ್ಕಿದ್ದು ಅದು. ಡ್ರಮ್ಸಿನ ಜೊತೆ ಬಾರಿಸುವ ತಾಳದ ತಟ್ಟೆ, ಸಿಂಬಲ್, ಮಾತ್ರ ಇಲ್ಲವೇ ಇಲ್ಲ. ಮೇಲಿನ ಸ್ವರಗಳೆಲ್ಲ ಸವೆದುಹೋಗಿದ್ದವು.

ಆಗ ಭಾವ ಹೇಳಿದ್ದು: ಈ ಆಲ್ಬಮ್ಮಿಗೂ ಹಾಗೇ ಆಗಿತ್ತಂತೆ. ತಿಂಗಳುಗಟ್ಟಲೆ ಹಾಕಿ ಹಾಕಿ ಮೂಲ ಟೇಪ್ ಸವೆದು ಡ್ರಮ್ಸಿನ ಚುರುಕೇ ಹೋಗಿತ್ತು. ಪುಣ್ಯಕ್ಕೆ ಡ್ರಮ್ಸ್ ಇದ್ದ ಅಡಿಪಾಯದ ಟ್ರ್ಯಾಕುಗಳು ಇನ್ನೊಂದು ರೀಲಿನಲ್ಲೂ ಇದ್ದವು. ತಂತ್ರಜ್ಞನೊಬ್ಬ ಹೆಡ್‌ಫೋನ್ ಹಾಕಿಕೊಂಡು, ಒಂದು ಕಿವಿಗೆ ಸವೆದ ಟೇಪು, ಇನ್ನೊಂದಕ್ಕೆ ಆ ಸವೆಯದ ರೀಲು ಕೇಳುತ್ತಾ, ಕೈಯಲ್ಲೇ ವೇಗ ತಿದ್ದಿ ಎರಡನ್ನೂ ಹೊಂದಿಸಿದ. ಎರಡು ಕಿವಿ ನೆಟ್ಟಗಿದ್ದವನ ಕೆಲಸ ಅದು! ಹೆಸರು ಗೊತ್ತಿಲ್ಲದ ಆ ಮಹಾನುಭಾವನಿಗೂ ಒಂದು ಸಲಾಂ.

ಆ ಬ್ಯಾಂಡಿನ ಐವರ ಜಗಳ, ವಿಚ್ಛೇದನದ ಕತೆಯನ್ನೇ ಎಲ್ಲರೂ ಚಪ್ಪರಿಸುತ್ತಾರೆ. ಗಂಡ ಹೆಂಡತಿ ಜಾನ್ ಮತ್ತು ಕ್ರಿಸ್ಟೀನ್ ಮೆಕ್‌ವೀ ಬೇರೆಯಾಗುತ್ತಿದ್ದರು, ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ಕೂಡ, ಮಿಕ್ ಫ್ಲೀಟ್‌ವುಡ್‌ನ ಸಂಸಾರವೂ ಕುಂಟುತ್ತಿತ್ತು. ಸರಿ. ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ 31 ವಾರ ಮೊದಲ ಸ್ಥಾನ, ಗ್ರ್ಯಾಮಿ, ಅದೂ ಸರಿ. ನನಗೆ ಬೇಕಾಗಿದ್ದು ಮುಖ ನೋಡಲಾರದವರೂ ಶ್ರುತಿ ಬಿಡದೆ ಹಾಡಿದ ಆ ಕಂಠಗಳು. ಒಂದೇ ಕಿವಿಯಲ್ಲೂ ಬೇರೆಬೇರೆಯಾಗಿ ಕೇಳುತ್ತಿದ್ದವು.

'ಸಾಂಗ್‌ಬರ್ಡ್' ಹಾಡನ್ನು ಕ್ರಿಸ್ಟೀನ್ ಸ್ಟುಡಿಯೋ ಬಿಟ್ಟು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಒಂದು ಸಭಾಂಗಣದಲ್ಲಿ ಪಿಯಾನೋ ಮುಂದೆ ಕೂತು ಹಾಡಿದ್ದಳು. ಆಕೆ 2022ರಲ್ಲಿ ತೀರಿಕೊಂಡಳು. ನನ್ನ ಥ್ಯಾಂಕ್ಸ್ ಅಲ್ಲಿಗೆ ತಲುಪುವ ಹಾಗಿಲ್ಲ. ಆ ಪಿಯಾನೋದ ಮೇಲಿನ ಸ್ವರಗಳು ಇವತ್ತಿಗೂ ನನ್ನ ಎಡಗಿವಿಗೆ ಮಂಕೇ, ಹೋದ ವಾರದ ಕಿವಿ ಪರೀಕ್ಷೆಯ ನಕ್ಷೆ, ಆಡಿಯೋಗ್ರಾಮಿನಲ್ಲೂ ಗೆರೆ ಮೇಲಿನ ಸ್ವರಗಳ ಕಡೆ ಹೋಗುತ್ತಾ ಕೆಳಕ್ಕೆ ಜಾರಿದೆ. ಆದರೆ ಫೋನನ್ನು ಎಡಗಿವಿಗೇ ಇಟ್ಟುಕೊಂಡು ಅಕ್ಕನ ಹತ್ತಿರ ಬೈಸಿಕೊಳ್ಳುವಷ್ಟು ಕೇಳುತ್ತದೆ.

ಈ ಭಾನುವಾರ ಭಾವನ ಮನೆಯಲ್ಲಿ ಕಾಫಿಗೆ ಬನ್ನಿ. ಗುಟ್ಟು ಹೇಳುವವರು ಬಲಗಡೆ ಕೂರಬೇಕು.